ಶ್ರಾವಕಗುಣ ಮತ್ತು ಧ್ವನಿಗ್ರಾಹಕ: ದಕ್ಷಿಣ ಬೆಂಗಳೂರಿನ ಕಚೇರಿಗಳನ್ನು ಕುರಿತ ಒಂದು ವಿಚಾರ

ಕನ್ನಡದಲ್ಲಿ ‘ಮೈಕು’ ಎಂಬ ಮಾತು ಬಹು ಸಡಿಲವಾದ ಅರ್ಥದಲ್ಲಿ ಬಳಕೆಯಾಗುತ್ತಿದೆ. ಗಾಯಕನ ಮುಂದೆ ನಿಲ್ಲಿಸಿದ ಧ್ವನಿಗ್ರಾಹಕವೂ ಮೈಕೆ. ಅದರಿಂದ ಹೊರಟ ಕ್ಷೀಣವಾದ ವಿದ್ಯುತ್ತನ್ನು ಬಲಪಡಿಸುವ ಪೆಟ್ಟಿಗೆಯೂ ಮೈಕೆ. ದೀಪದ ಕಂಬಕ್ಕೋ ಮರದ ಕೊಂಬೆಗೋ ಕಟ್ಟಿದ, ದತ್ತೂರಿಯ ಹೂವನ್ನು ಹೋಲುವ ತಗಡಿನ ಕೊಳವೆಯೂ ಮೈಕೆ. ಇವೆಲ್ಲವನ್ನೂ ಬಾಡಿಗೆಗೆ ತಂದು ಜೋಡಿಸುವಾತನು ‘ಮೈಕಿನವನು’. ಲೋಕವ್ಯವಹಾರಕ್ಕೆ ಇಷ್ಟು ಸಾಕು. ವಿಮರ್ಶೆಗೆ ಸಾಲದು. ಏಕೆಂದರೆ ಧ್ವನಿಗ್ರಾಹಕದ ಕೆಲಸ ಕಿವಿಯ ಕೆಲಸ. ಧ್ವನಿವರ್ಧಕದ ಕೆಲಸ ಬಾಯಿಯ ಕೆಲಸ. ಒಂದು ಕೇಳುತ್ತದೆ, ಇನ್ನೊಂದು ನುಡಿಯುತ್ತದೆ. ಎರಡನ್ನೂ ಒಂದೇ ಹೆಸರಿನಿಂದ ಕರೆದುದರ ಫಲವಾಗಿ, ಕೊಳವೆಯ ಅಬ್ಬರಕ್ಕೆ ಸಲ್ಲಬೇಕಾದ ಬೈಗುಳವು ಬಹುಕಾಲದಿಂದ ಗಾಯಕನ ಮುಂದಿರುವ ಆ ಚಿಕ್ಕ ಕಿವಿಯ ಮೇಲೆ ಬೀಳುತ್ತಿದೆ. ಆ ಕಿವಿಯು ನಿಜವಾಗಿ ಮಾಡಿರುವ ಉಪಕಾರವಾಗಲಿ ಅಪಕಾರವಾಗಲಿ ನಮ್ಮ ಗಮನಕ್ಕೆ ಬಂದಿಲ್ಲ.

ದಕ್ಷಿಣ ಬೆಂಗಳೂರಿನ ಜಯನಗರ, ಬನಶಂಕರಿ, ಜೆ.ಪಿ. ನಗರ ಮುಂತಾದ ಬಡಾವಣೆಗಳಲ್ಲಿ ವರ್ಷವೆಲ್ಲ ಒಂದಲ್ಲ ಒಂದು ಕಚೇರಿ ನಡೆಯುತ್ತಲೇ ಇರುತ್ತದೆ. ಅವುಗಳ ವಿಮರ್ಶೆಗಳೂ ಪ್ರಕಟವಾಗುತ್ತವೆ. ವರ್ಣದಿಂದ ಮಂಗಳದವರೆಗೆ ಹಾಡಿದ ಕೃತಿಗಳ ಪಟ್ಟಿ, ರಾಗಾಲಾಪನೆಯ ಬಗೆಗೆ ನಾಲ್ಕು ವಿಶೇಷಣಗಳು, ಪಕ್ಕವಾದ್ಯಗಾರರ ಹೆಸರುಗಳು, ಕೊನೆಯಲ್ಲಿ ಧ್ವನಿವರ್ಧಕದ ವ್ಯವಸ್ಥೆ ತೃಪ್ತಿಕರವಾಗಿರಲಿಲ್ಲವೆಂಬ ಒಂದು ವಾಕ್ಯ: ಇದು ಆ ಬರವಣಿಗೆಯ ಸಾಮಾನ್ಯ ಕ್ರಮ. ಆ ಕೊನೆಯ ವಾಕ್ಯವನ್ನು ಊಟಕ್ಕೆ ಉಪ್ಪು ಸಾಲಲಿಲ್ಲವೆಂಬ ಮಾತಿನಂತೆ ಬರೆದು ಮುಗಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಧ್ವನಿಗ್ರಾಹಕದ ವಿಚಾರವು ಕಚೇರಿಯ ಹೊರಗಿನ ಏರ್ಪಾಡಿಗೆ ಸೇರಿದುದಲ್ಲ. ಅದು ಗಾಯನದ ಶೈಲಿಯನ್ನೇ ಮಾರ್ಪಡಿಸಿರುವ ಒಂದು ಕಾರಣ. ಅದನ್ನು ಗಾಯಕನ ಗುಣದೋಷಗಳೊಡನೆ ಎಣಿಸದ ವಿಮರ್ಶೆ, ತಾನು ಕೇಳಿದುದರಲ್ಲಿ ಯಾವುದು ಕಂಠದ್ದು ಯಾವುದು ಯಂತ್ರದ್ದು ಎಂಬುದನ್ನು ಬೇರ್ಪಡಿಸಲಾರದು.

ಈ ವಿಚಾರಕ್ಕೆ ಬೇಕಾದ ಅಳತೆಗೋಲು ನಮ್ಮ ಶಾಸ್ತ್ರದಲ್ಲಿಯೇ ಇದೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ತನ್ನ ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ಗಾಯಕನ ಕಂಠಧ್ವನಿಗೆ ಹದಿನೈದು ಗುಣಗಳನ್ನು ಹೇಳಿದ್ದಾನೆ. ಮೃಷ್ಟ, ಮಧುರ, ಚೇಹಾಲ, ತ್ರಿಸ್ಥಾನಕ, ಸುಖಾವಹ, ಪ್ರಚುರ, ಕೋಮಲ, ಗಾಢ, ಶ್ರಾವಕ, ಕರುಣ, ಘನ, ಸ್ನಿಗ್ಧ, ಶ್ಲಕ್ಷ್ಣ, ರಕ್ತಿಯುಕ್ತ, ಛವಿಮಾನ್ ಎಂಬುವು ಅವು. ಇವುಗಳಲ್ಲಿ ನಮಗೆ ಇಲ್ಲಿ ಮುಖ್ಯವಾದುದು ಶ್ರಾವಕ, ಎಂದರೆ ದೂರದಲ್ಲಿರುವವರಿಗೂ ಕೇಳಿಸುವ ಗುಣ. ಇದನ್ನು ಪ್ರಚುರವೆಂಬುದರಿಂದಲೂ ಗಾಢವೆಂಬುದರಿಂದಲೂ ಶಾಸ್ತ್ರಕಾರನು ಬೇರೆಯಾಗಿ ಎಣಿಸಿರುವುದು ಗಮನಾರ್ಹ. ಸ್ಥೂಲವಾದ ಧ್ವನಿಯೆಲ್ಲ ದೂರ ಹೋಗುವುದಿಲ್ಲ; ಕಿರುಚಿದವನ ಧ್ವನಿ ಸಭೆಯ ಕೊನೆಯ ಸಾಲನ್ನು ಮುಟ್ಟುವ ವೇಳೆಗೆ ಅಕ್ಷರವನ್ನು ಕಳೆದುಕೊಂಡಿರುತ್ತದೆ. ಅಕ್ಷರವೂ ಶ್ರುತಿಯೂ ಕೆಡದಂತೆ ದೂರಕ್ಕೆ ನಡೆಯುವ ಕಂಠವನ್ನೇ ಹಿಂದಿನವರು ಶ್ರಾವಕವೆಂದು ಮೆಚ್ಚಿರಬೇಕು. ಅದು ಹುಟ್ಟಿನಿಂದ ಬಂದ ಶಾರೀರಸಂಪತ್ತಿಗೂ ವರ್ಷಗಟ್ಟಲೆಯ ಸಾಧನೆಗೂ ಸೇರಿದ ಗುಣ.

ಈ ಒಂದು ಗುಣವನ್ನು ಧ್ವನಿಗ್ರಾಹಕವು ಗಾಯಕನ ಕಂಠದಿಂದ ತೆಗೆದು ಯಂತ್ರಕ್ಕೆ ಕೊಟ್ಟಿದೆ. ಹದಿನೈದರಲ್ಲಿ ಒಂದು ಹೋದರೆ ಹದಿನಾಲ್ಕು ಉಳಿಯುತ್ತವೆ ಎಂಬ ಲೆಕ್ಕ ಇಲ್ಲಿ ನಡೆಯದು. ಒಂದು ಕಂಬವನ್ನು ತೆಗೆದರೆ ತೊಲೆಗಳೆಲ್ಲ ಅಷ್ಟಷ್ಟು ಜರುಗುವಂತೆ, ಶ್ರಾವಕಗುಣದ ಹೊಣೆ ತಪ್ಪಿದ ಕಂಠದಲ್ಲಿ ಉಳಿದ ಗುಣಗಳ ಸ್ಥಾನವೂ ಜರುಗಿದೆ. ಕೆಲವು ಮೇಲಕ್ಕೆ ಬಂದಿವೆ, ಕೆಲವು ಕೆಳಕ್ಕೆ ಸಂದಿವೆ.

ಧ್ವನಿಗ್ರಾಹಕವಿಲ್ಲದ ಕಾಲದಲ್ಲಿ ಶ್ರಾವಕಗುಣಕ್ಕಾಗಿ ಕಲಾವಿದರು ಎಷ್ಟು ದೂರ ಹೋಗಬೇಕಾಗಿತ್ತೆಂಬುದಕ್ಕೆ ಕನ್ನಡನಾಡಿನಲ್ಲಿಯೇ ಒಂದು ಅಪೂರ್ವ ನಿದರ್ಶನವಿದೆ. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿದ ಪಿಟೀಲು ಚೌಡಯ್ಯನವರು ದೊಡ್ಡ ಸಭೆಗಳಲ್ಲಿ ತಮ್ಮ ವಾದ್ಯದ ನಾದ ಹಿಂದಿನ ಸಾಲುಗಳಿಗೆ ತಲಪದಿರುವುದನ್ನು ಕಂಡುಕೊಂಡರು. ಘನವಾದ ಕಂಠಗಳಿಗೆ ಪಕ್ಕವಾದ್ಯ ನುಡಿಸುವಾಗ ನಾಲ್ಕು ತಂತಿಯ ಪಿಟೀಲು ಸಾಲದೆಹೋಗುತ್ತಿತ್ತು. ಅವರು 1920ರ ದಶಕದ ಕೊನೆಯಲ್ಲಿ ಇನ್ನೂ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲನ್ನು ರೂಪಿಸಿದರು. ಒಂದೇ ಕಮಾನಿನ ಎಳೆತಕ್ಕೆ ಜೋಡಿ ತಂತಿಗಳು ನುಡಿಯುವುದರಿಂದ ನಾದವು ತುಂಬಿಕೊಂಡಿತು. ಇಲ್ಲಿ ಕುತೂಹಲಕರವಾದ ವಿಷಯ ಇದರ ಮುಂದಿನ ಕಥೆ. ಏಳು ತಂತಿಯ ಪಿಟೀಲನ್ನು ನುಡಿಸುವುದು ಬಹು ಕಷ್ಟ. ಎರಡು ತಂತಿಗಳನ್ನು ಒಂದೇ ಬೆರಳಿನಿಂದ ಒಂದೇ ಶ್ರುತಿಗೆ ಒತ್ತಬೇಕು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅಪಸ್ವರ. ಅಷ್ಟು ಕಷ್ಟವನ್ನು ಸಹಿಸಲು ಒಂದು ಬಲವಾದ ಕಾರಣವಿತ್ತು. ಧ್ವನಿಗ್ರಾಹಕವು ಬಂದು ಆ ಕಾರಣವನ್ನು ಅಳಿಸಿಹಾಕಿತು. 1967ರಲ್ಲಿ ಚೌಡಯ್ಯನವರು ತೀರಿಕೊಂಡ ಬಳಿಕ ಆ ವಾದ್ಯವು ಸಂಪ್ರದಾಯವಾಗಿ ಬೆಳೆಯಲಿಲ್ಲ. 1980ರಲ್ಲಿ ಅವರ ಸ್ಮಾರಕವಾಗಿ ನಗರದ ಉತ್ತರಭಾಗದಲ್ಲಿ ಪಿಟೀಲಿನ ಆಕಾರದ ಸಭಾಭವನವನ್ನೇ ಕಟ್ಟಿದರು. ಆದರೆ ಅದರೊಳಗೆ ಕುಳಿತು ನುಡಿಸುವವರ ಪಿಟೀಲಿಗೆ ನಾಲ್ಕೇ ತಂತಿ, ಮುಂದೆ ಒಂದು ಧ್ವನಿಗ್ರಾಹಕ.

ಚೌಡಯ್ಯನವರ ವಾದ್ಯವು ಮರೆಯಾದುದನ್ನು ನಾವು ಕೇವಲ ನಷ್ಟವೆಂದು ಎಣಿಸುವುದಿಲ್ಲ. ಆದರೆ ಜೋಡಿ ತಂತಿಯ ಆ ತುಂಬುನಾದವು ದೂರಕ್ಕೆ ಕೇಳಿಸಲೆಂದು ಹುಟ್ಟಿದರೂ ಹತ್ತಿರದಲ್ಲಿ ಕೇಳಿದವರಿಗೂ ಬೇರೊಂದು ರುಚಿಯನ್ನು ಕೊಟ್ಟಿತ್ತೆಂಬುದನ್ನು ಉಳಿದಿರುವ ಧ್ವನಿಮುದ್ರಣಗಳಿಂದ ಇಂದಿಗೂ ತಿಳಿಯಬಹುದು. ಆವಶ್ಯಕತೆಯಿಂದ ಹುಟ್ಟಿದ ಸೌಂದರ್ಯವು ಆವಶ್ಯಕತೆ ತೀರಿದೊಡನೆ ಹೋಗಿಬಿಡುತ್ತದೆ.

ಇನ್ನು ಈ ಯಂತ್ರದ ಚರಿತ್ರೆ. ನಮ್ಮ ವಾದಕ್ಕೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇವೆ. 1870ರ ದಶಕದ ಕೊನೆಯಲ್ಲಿ ದೂರವಾಣಿಗಾಗಿ ಇದ್ದಲಿನ ಧ್ವನಿಗ್ರಾಹಕಗಳು ಹುಟ್ಟಿದುವು. ಬರ್ಲಿನರ್, ಎಡಿಸನ್, ಹ್ಯೂಸ್ ಎಂಬ ಮೂವರ ಹೆಸರುಗಳು ಅದಕ್ಕೆ ಅಂಟಿಕೊಂಡಿವೆ. ಇದ್ದಲಿನ ಕಣಗಳ ಮೇಲೆ ಒಂದು ತೆಳುಹಲಗೆ. ಮಾತಿನ ಒತ್ತಡಕ್ಕೆ ಕಣಗಳು ಬಿಗಿದು ಸಡಿಲಿ ಪ್ರವಾಹವನ್ನು ಏರಿಳಿಸುತ್ತವೆ. ಮಾತನ್ನು ತಿಳಿಸಲು ಇದು ಸಾಕು, ಸಂಗೀತಕ್ಕೆ ಸಾಲದು. ಸದಾ ಒಂದು ಮರಳಿನ ಸದ್ದು ಹಿಂದೆ ಇದ್ದೇ ಇರುತ್ತದೆ. ಆದುದರಿಂದ ಗ್ರಾಮೊಫೋನ್ ಕಂಪೆನಿಯವರು ಮೊದಲಲ್ಲಿ ವಿದ್ಯುತ್ತಿನ ಗೋಜಿಗೇ ಹೋಗಲಿಲ್ಲ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದುದು ಒಂದು ದೊಡ್ಡ ಕೊಂಬಿನೊಳಕ್ಕೆ. ಅದರ ತುದಿಯ ಹಲಗೆಯು ಕಂಠದ ಬಲದಿಂದಲೇ ನಡುಗಿ ಮೇಣದಲ್ಲಿ ಗೆರೆ ಕೊರೆಯಬೇಕಾಗಿತ್ತು. ಕೊಂಬಿಗೆ ಬೇಕಾದುದು ಗಾಢವಾದ ಕಂಠ, ಏರುಶ್ರುತಿ, ಸುಮಾರು ಮೂರು ನಿಮಿಷದಲ್ಲಿ ಮುಗಿಯುವ ಹಾಡು. ಮಂದ್ರಸ್ಥಾಯಿಯ ಸೂಕ್ಷ್ಮಗಳು ಅದಕ್ಕೆ ಕೇಳಿಸುತ್ತಿರಲಿಲ್ಲ. ಆಕೆ ಕೊನೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಆ ಊರಿನಲ್ಲಿಯೇ ತೀರಿಕೊಂಡರು. ಆ ವೇಳೆಗೆ ಕೊಂಬಿನ ಕಾಲ ಮುಗಿದಿತ್ತು. ವೆಂಟೆ ಎಂಬ ವಿಜ್ಞಾನಿಯು 1916ರಲ್ಲಿ ರೂಪಿಸಿದ ಕಂಡೆನ್ಸರ್ ಧ್ವನಿಗ್ರಾಹಕವೂ ಅದರೊಡನೆ ಬೆಳೆದ ವರ್ಧಕಗಳೂ 1925ರಿಂದ ಧ್ವನಿಮುದ್ರಣದಲ್ಲಿ ನೆಲೆಗೊಂಡುವು. ಮುಂದೆ 1930ರ ದಶಕದಲ್ಲಿ ಲೋಹದ ತೆಳುಪಟ್ಟಿಯದು, ತಂತಿಸುರುಳಿಯದು ಎಂಬ ಬಗೆಗಳು ಬಳಕೆಗೆ ಬಂದುವು; 1939ರಲ್ಲಿ ಅಮೆರಿಕೆಯ ಶೂರ್ ಕಂಪೆನಿಯವರು ಮುಂದಿನ ಧ್ವನಿಯನ್ನು ಹಿಡಿದು ಹಿಂದಿನದನ್ನು ತಳ್ಳಿಹಾಕುವ ಏಕಮುಖ ಧ್ವನಿಗ್ರಾಹಕವನ್ನು ಒಂದೇ ಸುರುಳಿಯಲ್ಲಿ ಸಾಧಿಸಿದರು. ಅದೇ ಕಂಪೆನಿಯು 1966ರಲ್ಲಿ ಹೊರತಂದ, ಜಾಲರಿಯ ಗುಂಡುತಲೆಯುಳ್ಳ ಮಾದರಿಯನ್ನು ಅಥವಾ ಅದರ ಅನುಕರಣಗಳನ್ನು ಇಂದು ಜಯನಗರದ ಯಾವ ವೇದಿಕೆಯಲ್ಲಾದರೂ ನೋಡಬಹುದು. 1962ರಲ್ಲಿ ಸೆಸ್ಲರ್ ಮತ್ತು ವೆಸ್ಟ್ ಎಂಬಿಬ್ಬರು ಬೆಲ್ ಪ್ರಯೋಗಶಾಲೆಯಲ್ಲಿ ಕಂಡುಹಿಡಿದ ಎಲೆಕ್ಟ್ರೆಟ್ ಎಂಬ ಬಗೆಯು ಧ್ವನಿಗ್ರಾಹಕವನ್ನು ಅಗ್ಗವಾಗಿಯೂ ಗುಂಡಿಯಷ್ಟು ಚಿಕ್ಕದಾಗಿಯೂ ಮಾಡಿತು.

ಕನ್ನಡನಾಡಿಗೆ ಸಂಬಂಧಿಸಿದ ಒಂದು ಘಟ್ಟವನ್ನು ಬಿಡುವಂತಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಚಿಕ್ಕದೊಂದು ಬಾನುಲಿ ಕೇಂದ್ರವನ್ನು ನಡೆಸತೊಡಗಿದರು. ‘ಆಕಾಶವಾಣಿ’ ಎಂಬ ಹೆಸರು ಆ ಕೇಂದ್ರದ್ದು. 1955ರಲ್ಲಿ ಬೆಂಗಳೂರಿನ ಕೇಂದ್ರ ಆರಂಭವಾಯಿತು. ವೀಣೆಯ ದೊರೆಸ್ವಾಮಿ ಅಯ್ಯಂಗಾರ್ಯರೂ ಗಾಯಕ ಆರ್.ಕೆ. ಶ್ರೀಕಂಠನ್ ಅವರೂ ಈ ಸಂಸ್ಥೆಯಲ್ಲಿ ದೀರ್ಘಕಾಲ ಕೆಲಸ ಮಾಡಿದರು. ಬಾನುಲಿಯ ಕೊಠಡಿಯಲ್ಲಿ ಕೂತು ಹಾಡುವವನಿಗೆ ಮುಂದೆ ಸಭೆಯಿಲ್ಲ, ಒಂದು ಧ್ವನಿಗ್ರಾಹಕವಿದೆ. ಅದರಾಚೆ ಒಂದೊಂದು ಮನೆಯಲ್ಲಿ ಒಬ್ಬಿಬ್ಬರು ಕೇಳುಗರು. ಅಲ್ಲಿ ಕೂಗುವುದು ಅಸಭ್ಯವೆಂಬ ಅರಿವು ತಾನಾಗಿ ಮೂಡುತ್ತದೆ. ವಿಶೇಷವೇನೆಂದರೆ ಶ್ರೀಕಂಠನ್ ಅವರು ಅಷ್ಟು ವರ್ಷ ಬಾನುಲಿಯ ಕೊಠಡಿಯಲ್ಲಿದ್ದೂ ತೆರೆದ ಗಂಟಲಿನ ಅಕಾರವನ್ನು ಬಿಟ್ಟುಕೊಡಲಿಲ್ಲ. ತೊಂಬತ್ತು ದಾಟಿದ ಮೇಲೂ ಅದೇ ಗಾತ್ರದಲ್ಲಿ ಹಾಡಿದರು. ಯಂತ್ರವು ಶೈಲಿಯನ್ನು ವಿಧಿಸುತ್ತದೆ ಎನ್ನುವವರು ಈ ಉದಾಹರಣೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಯಂತ್ರವು ಅನುಮತಿ ಕೊಡುತ್ತದೆ, ಅಷ್ಟೆ. ಆ ಅನುಮತಿಯನ್ನು ಬಳಸಿಕೊಳ್ಳುವುದೂ ಬಿಡುವುದೂ ಕಲಾವಿದನ ಕೈಯಲ್ಲಿದೆ.

ನಾಟಕ ಕಂಪೆನಿಗಳ ಮಾತನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಹೋಗುತ್ತೇವೆ. ರಂಗದ ಮೇಲೆ ಧ್ವನಿಗ್ರಾಹಕಗಳನ್ನು ತೂಗುಹಾಕುವ ಪದ್ಧತಿ ಬಂದ ಮೇಲೆ, ನಟನು ಮಾತು ಬಂದಾಗಲೆಲ್ಲ ಆ ತೂಗುವ ವಸ್ತುವಿನ ಕೆಳಗೆ ಬಂದು ನಿಲ್ಲತೊಡಗಿದನು. ಭೀಮನೂ ದುರ್ಯೋಧನನೂ ಒಂದೇ ಕಡೆ ಒತ್ತೊತ್ತಾಗಿ ನಿಂತು ಯುದ್ಧಕ್ಕೆ ಸವಾಲು ಹಾಕುವ ದೃಶ್ಯವನ್ನು ನೋಡಿದವರು ಈಗಲೂ ಇದ್ದಾರೆ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದಿಂದ ಮೊದಲಾದ ನಮ್ಮ ಆರಂಭಕಾಲದ ವಾಕ್ಚಿತ್ರಗಳಲ್ಲಿಯೂ ನಟರು ಚಿತ್ರೀಕರಣದ ಹೊತ್ತಿನಲ್ಲಿಯೇ ಹಾಡಬೇಕಾಗಿದ್ದುದರಿಂದ ಇದೇ ಬಗೆಯ ಬಂಧನವಿತ್ತು. ಹಿನ್ನೆಲೆ ಗಾಯನದ ಪದ್ಧತಿ ಅದನ್ನು ಬಿಡಿಸಿತು.

ಧ್ವನಿಗ್ರಾಹಕವು ಕನ್ನಡಕ್ಕೆ ಕೊಟ್ಟ ನಿಜವಾದ ಕಾಣಿಕೆಯೆಂದರೆ ಸುಗಮ ಸಂಗೀತ. ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕು. 1942ರಲ್ಲಿ ಪ್ರಕಟವಾದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯ ಕವನಗಳಲ್ಲಿ ಗಂಡನು ಹೆಂಡತಿಯೊಡನೆ ಆಡುವ ಮಾತುಗಳು ಪಡಸಾಲೆಯನ್ನು ದಾಟಬಾರದಂಥವು. ಅವನ್ನು ಮೈದಾನದಲ್ಲಿ ಸೇರಿದ ಐದು ಸಾವಿರ ಜನಕ್ಕೆ ಕೇಳಿಸುವಂತೆ ತೆರೆದ ಗಂಟಲಿನಲ್ಲಿ ಹಾಡಿದರೆ ರಸಾಭಾಸವಾಗುತ್ತದೆ. ಅವಕ್ಕೆ ತಕ್ಕಂತೆ ಮೆಲ್ಲಗೆ ಹಾಡಿದರೆ ಮೊದಲ ಸಾಲಿಗೂ ಕೇಳಿಸದು. ಈ ಬಿಕ್ಕಟ್ಟಿನಿಂದ ನಮ್ಮನ್ನು ಪಾರುಮಾಡಿದುದು ಧ್ವನಿಗ್ರಾಹಕವೇ. ಪಿಸುಮಾತು ಪಿಸುಮಾತಾಗಿಯೇ ಉಳಿದು ಸಾವಿರ ಜನರ ಕಿವಿಯಲ್ಲಿ ಏಕಕಾಲಕ್ಕೆ ನುಡಿಯುವುದು ಲೋಕದ ಇತಿಹಾಸದಲ್ಲಿ ಹಿಂದೆಂದೂ ಸಾಧ್ಯವಿರಲಿಲ್ಲ. ಅಮೆರಿಕೆಯಲ್ಲಿ ಬಿಂಗ್ ಕ್ರಾಸ್ಬಿ, ನಮ್ಮ ದೇಶದಲ್ಲಿ ಸೈಗಲ್ ಈ ಹೊಸ ಸಾಧ್ಯತೆಯನ್ನು ಮೊದಲಲ್ಲಿಯೇ ಅರಿತವರು.

ಕನ್ನಡದಲ್ಲಿ ಈ ಬೆಳವಣಿಗೆಯನ್ನು ಮೂವರು ಗಾಯಕರಲ್ಲಿ ಗುರುತಿಸಬಹುದು. ಪಿ. ಕಾಳಿಂಗರಾಯರು ಬಾಲ್ಯದಲ್ಲಿ ನಾಟಕ ಕಂಪೆನಿಯಲ್ಲಿ ಬೆಳೆದವರು. ಅವರ ಕಂಠದಲ್ಲಿ ರಂಗಭೂಮಿಯ ಏರುದನಿಯೂ ಧ್ವನಿಗ್ರಾಹಕದ ಮೃದುತ್ವವೂ ಸಂಧಿಸಿವೆ; ಒಂದು ಸಾಲಿನಲ್ಲಿ ಅವರು ಸಭೆಯ ಕೊನೆಯವನಿಗೆ ಹಾಡುತ್ತಾರೆ, ಇನ್ನೊಂದು ಸಾಲಿನಲ್ಲಿ ಪಕ್ಕದಲ್ಲಿ ಕುಳಿತವನಿಗೆ. ಮೈಸೂರು ಅನಂತಸ್ವಾಮಿಯವರಲ್ಲಿ ಈ ಎರಡನೆಯ ಧೋರಣೆಯೇ ಪ್ರಧಾನವಾಯಿತು. ಶಾರ್ಙ್ಗದೇವನ ಪರಿಭಾಷೆಯಲ್ಲಿ ಹೇಳುವುದಾದರೆ ಕೋಮಲ, ಸ್ನಿಗ್ಧ, ಎಣ್ಣೆಯ ಧಾರೆಯಂತೆ ಎಡೆಬಿಡದ ಶ್ಲಕ್ಷ್ಣ ಎಂಬ ಗುಣಗಳು ಅಲ್ಲಿ ಮೇಲಕ್ಕೆ ಬಂದುವು. 1978ರಲ್ಲಿ ಅವರ ಸಂಗೀತದೊಡನೆ ಹೊರಬಂದ ನಿಸಾರ್ ಅಹಮದರ ‘ನಿತ್ಯೋತ್ಸವ’ವು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಖ್ಯಾತವಾಗಿದೆ. ಬಡಾವಣೆಗಳ ಮನೆಮನೆಯಲ್ಲಿ ಕವಿತೆಯು ಪುಸ್ತಕದಿಂದ ಹೊರಬಂದು ಅಡುಗೆಮನೆಯವರೆಗೆ ಹೋದುದು ಈ ಸುರುಳಿಗಳ ಕಾಲದಲ್ಲಿ. ಸಿ. ಅಶ್ವತ್ಥರಾದರೋ ಧ್ವನಿಗ್ರಾಹಕದ ಮುಂದೆ ನಿಂತೂ ತೆರೆದ ಗಂಟಲನ್ನೇ ಆರಿಸಿಕೊಂಡರು. ಯಂತ್ರವು ದೂರವನ್ನು ಗೆದ್ದುಕೊಟ್ಟಿರುವಾಗ ಗಾಯಕನು ಕೂಗುವುದೇಕೆ ಎಂಬ ಆಕ್ಷೇಪ ಅವರ ಕಾಲದಲ್ಲಿ ಇಲ್ಲದಿರಲಿಲ್ಲ. ಆದರೆ ಅವರ ಕೂಗು ದೂರಕ್ಕಾಗಿ ಅಲ್ಲ, ಭಾವದ ತೀವ್ರತೆಗಾಗಿ. ಶ್ರಾವಕಗುಣದ ಹೊಣೆ ಇಳಿದ ಮೇಲೂ ಗಾಢಗುಣವನ್ನು ಬೇಕೆಂದೇ ಉಳಿಸಿಕೊಂಡ ಶೈಲಿ ಅದು. ಅವರ ಅನುಕರಣೆ ಮಾಡುವವರಲ್ಲಿ ಹಲವರು ಕೂಗನ್ನು ಮಾತ್ರ ತೆಗೆದುಕೊಂಡಿದ್ದಾರೆ. ಅದು ಬೇರೆಯ ಮಾತು.

ಈಗ ದಕ್ಷಿಣ ಬೆಂಗಳೂರಿನ ಕಚೇರಿಗಳಿಗೆ ಬರೋಣ. ಬೆಂಗಳೂರಿನ ರಾಮನವಮಿಯ ಸಂಗೀತಕ್ಕೆ ಒಂದು ವೈಶಿಷ್ಟ್ಯವಿದೆ: ಅದು ಭವನಗಳಿಗಿಂತ ಹೆಚ್ಚಾಗಿ ಚಪ್ಪರಗಳಲ್ಲಿ ಬೆಳೆಯಿತು. ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ಉತ್ಸವ ಇದಕ್ಕೆ ಮೇಲ್ಪಂಕ್ತಿ. 1948ರಲ್ಲಿ ಜಯನಗರಕ್ಕೆ ತಳಹದಿ ಬಿದ್ದು ನಗರವು ದಕ್ಷಿಣಕ್ಕೆ ಚಾಚಿದಂತೆ ಚಪ್ಪರವೂ ಅದರೊಡನೆ ನಡೆದುಬಂದಿತು. ಜಯನಗರದ ಎಂಟನೆಯ ಬ್ಲಾಕಿನ ಶ್ರೀ ಜಯರಾಮ ಸೇವಾ ಮಂಡಳಿ, ಬನಶಂಕರಿಯ ಶ್ರೀರಾಮ ಲಲಿತಕಲಾ ಮಂದಿರ ಮೊದಲಾದ ಸಂಸ್ಥೆಗಳು ಸಂಗೀತವನ್ನು ಈ ಬಡಾವಣೆಗಳ ಜೀವನಕ್ಕೆ ಹೊಂದಿಸಿದುವು. ಗೋಡೆಯಿಲ್ಲದ ಚಪ್ಪರದಲ್ಲಿ ನಾದವು ಹಿಂದಿರುಗುವುದಿಲ್ಲ. ದೂರವು ಇಮ್ಮಡಿಯಾದಂತೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಹೊರಗೆ ಬಸ್ಸಿನ ಸದ್ದು, ಒಳಗೆ ಪಾನಕ ಕೋಸಂಬರಿಯ ಸಂಭ್ರಮ. ಧ್ವನಿಗ್ರಾಹಕವಿಲ್ಲದೆ ಈ ಬಗೆಯ ಉತ್ಸವವನ್ನು ಕಲ್ಪಿಸಿಕೊಳ್ಳುವುದೇ ಅಸಾಧ್ಯ. ಟಿಕೆಟ್ಟು ಕೊಳ್ಳಲಾರದವನೂ ಬೇಲಿಯ ಹೊರಗೆ ನಿಂತು ದೊಡ್ಡ ವಿದ್ವಾಂಸರನ್ನು ಕೇಳಬಹುದಾದುದು ಇದರಿಂದಲೇ. ಧ್ವನಿಗ್ರಾಹಕವು ಶಾಸ್ತ್ರೀಯ ಸಂಗೀತವನ್ನು ಕೆಡಿಸಿತೆಂದು ಒಟ್ಟಾಗಿ ನಿಂದಿಸುವವರು ಈ ಬೇಲಿಯ ಹೊರಗಿನ ಕೇಳುಗನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅವರ ವಾದವನ್ನು ನಾವು ಒಪ್ಪಲಾರೆವು.

ಆದರೆ ಧ್ವನಿಗ್ರಾಹಕವು ತಟಸ್ಥವಾದ ಒಂದು ಉಪಕರಣ, ಒಳಗೆ ಹೋದುದೇ ಹೊರಗೆ ಬರುತ್ತದೆ ಎಂಬ ಇನ್ನೊಂದು ವಾದವನ್ನೂ ಒಪ್ಪುವಂತಿಲ್ಲ. ಏಕಮುಖ ಧ್ವನಿಗ್ರಾಹಕಕ್ಕೆ ಒಂದು ಸ್ವಭಾವವಿದೆ: ಬಾಯಿಯನ್ನು ಅದಕ್ಕೆ ತೀರ ಹತ್ತಿರ ತಂದರೆ ತಗ್ಗುಸ್ವರಗಳು ತಮ್ಮ ನಿಜವಾದ ಪ್ರಮಾಣಕ್ಕಿಂತ ಉಬ್ಬುತ್ತವೆ. ತೆಳುವಾದ ಕಂಠಕ್ಕೆ ಇದರಿಂದ ಗಾಂಭೀರ್ಯದ ಒಂದು ಭ್ರಾಂತಿ ಬರುತ್ತದೆ. ಮಂದ್ರಸ್ಥಾಯಿಯಲ್ಲಿ ಬಲವಿಲ್ಲದವನೂ ಬಲವುಳ್ಳವನಂತೆ ತೋರುತ್ತಾನೆ. ಹಿಂದೆ ಏರುಶ್ರುತಿಯಲ್ಲಿ ಹಾಡುತ್ತಿದ್ದ ನಮ್ಮ ಗಾಯಕರ ಶ್ರುತಿಯು ಕ್ರಮಕ್ರಮವಾಗಿ ಇಳಿದುದಕ್ಕೆ ಧ್ವನಿಗ್ರಾಹಕದ ಸೌಲಭ್ಯವು ಒಂದು ಮುಖ್ಯಕಾರಣವೆಂಬುದರಲ್ಲಿ ಸಂದೇಹವಿಲ್ಲ. ಶ್ರುತಿ ಇಳಿದುದರಿಂದ ಮಂದ್ರದ ಸಂಚಾರಗಳು ವಿಸ್ತಾರಗೊಂಡುವು, ಇದು ಲಾಭ. ತಾರಸ್ಥಾಯಿಯಲ್ಲಿ ನಿಂತು ಸಭೆಯನ್ನು ಬೆಳಗಿಸುವ ಶಕ್ತಿ ಹಲವರಲ್ಲಿ ಕುಂದಿತು, ಇದು ನಷ್ಟ. ಶಾಸ್ತ್ರವು ಬೇಡಿದ ತ್ರಿಸ್ಥಾನಕವೆಂಬ ಗುಣ, ಎಂದರೆ ಮೂರು ಸ್ಥಾಯಿಗಳಲ್ಲಿಯೂ ಸಮನಾಗಿ ನಡೆಯುವ ಗುಣ, ಹೀಗೆ ಒಂದು ಕಡೆಗೆ ವಾಲಿತು.

ಇನ್ನೊಂದು ಅಂಶವನ್ನು ನಾವು ಹಲವು ಕಚೇರಿಗಳಲ್ಲಿ ಗಮನಿಸಿದ್ದೇವೆ. ಧ್ವನಿಗ್ರಾಹಕವು ಬಾಯಿಗೆ ಮೂರು ಅಂಗುಲ ದೂರದಲ್ಲಿದ್ದಾಗ ಗಾಯಕನು ತಲೆಯನ್ನು ಮೂರಂಗುಲ ಹಿಂದಕ್ಕೆ ತೆಗೆದರೆ ದೂರವು ಇಮ್ಮಡಿಯಾಗಿ ಧ್ವನಿಯು 6 ಡೆಸಿಬೆಲ್ ಇಳಿಯುತ್ತದೆ. ಅದೇ ಒಂದು ಅಡಿಯ ದೂರದಲ್ಲಿದ್ದರೆ ಅಷ್ಟೇ ಚಲನೆಗೆ ಸುಮಾರು 2 ಡೆಸಿಬೆಲ್ ಮಾತ್ರ ಇಳಿಯುತ್ತದೆ. ನಮ್ಮ ಗಾಯಕರು ಕಂಪಿತ ಗಮಕದಲ್ಲಿ ಕಂಠದೊಡನೆ ತಲೆಯನ್ನೂ ಆಡಿಸುವವರು. ಹತ್ತಿರದ ಧ್ವನಿಗ್ರಾಹಕವು ತಲೆಯ ಆಂದೋಲನವನ್ನೂ ನಾದದ ಏರಿಳಿತವಾಗಿ ಪರಿವರ್ತಿಸಿ ಸಭೆಗೆ ಬಡಿಸುತ್ತದೆ. ಕೇಳುಗನು ಅದನ್ನು ಗಮಕವೆಂದೇ ತಿಳಿದು ತಲೆದೂಗುತ್ತಾನೆ! ಭೈರವಿಯ ನಿಷಾದದ ತೂಗಾಟದಲ್ಲಿ ಎಷ್ಟು ಭಾಗ ಕಂಠದ್ದು, ಎಷ್ಟು ಭಾಗ ಕುತ್ತಿಗೆಯದು ಎಂಬ ಪ್ರಶ್ನೆಯನ್ನು ಹಿಂದಿನ ವಿಮರ್ಶಕನು ಕೇಳಬೇಕಾಗಿರಲಿಲ್ಲ. ಇಂದಿನವನು ಕೇಳದೆ ಇರುವಂತಿಲ್ಲ.

ಸಾಹಿತ್ಯಕ್ಕೆ ಆಗುವ ಬಾಧೆ ಇದಕ್ಕಿಂತ ದೊಡ್ಡದು. ಕನ್ನಡದ ಅಧ್ಯಯನ ಮಾಡುವ ನಮಗೆ ಹತ್ತಿರದ್ದೂ ಹೌದು. ಪ, ಬ ಎಂಬ ಅಕ್ಷರಗಳನ್ನು, ಅದರಲ್ಲಿಯೂ ಅವುಗಳ ಮಹಾಪ್ರಾಣಗಳನ್ನು ಉಚ್ಚರಿಸುವಾಗ ತುಟಿಗಳಿಂದ ಒಂದು ಗಾಳಿಯ ಉಸಿರು ಚಿಮ್ಮುತ್ತದೆ. ದೂರದ ಕಿವಿಗೆ ಅದು ತಲಪುವುದಿಲ್ಲ. ಹತ್ತಿರದ ಧ್ವನಿಗ್ರಾಹಕದ ಮೇಲೆ ಅದು ಗುದ್ದಿದಂತೆ ಬೀಳುತ್ತದೆ. ಈ ಗುದ್ದನ್ನು ತಪ್ಪಿಸಲು ಗಾಯಕರು ತಿಳಿದೋ ತಿಳಿಯದೆಯೋ ಅಕ್ಷರಗಳನ್ನು ಮೆದುಮಾಡುತ್ತಾರೆ, ‘ಭಕ್ತಿ’ಯು ‘ಬಕ್ತಿ’ಯಾಗುತ್ತದೆ. ದಾಸರ ಪದಗಳನ್ನು ಹಾಡುವಾಗ ಇದು ಕಿವಿಗೆ ಚುಚ್ಚುತ್ತದೆ. ಗಮಕವಾಚನದಲ್ಲಂತೂ ಹಾನಿ ಸ್ಪಷ್ಟ. ಕುಮಾರವ್ಯಾಸನ ಷಟ್ಪದಿಯ ಓಟವು ಅಕ್ಷರಗಳ ಬಲಾಬಲಗಳ ಮೇಲೆ ನಿಂತಿದೆ. ಊರಿನ ಜಗಲಿಯ ಮೇಲೆ ಕುಳಿತು ಬೀದಿಗೆ ಕೇಳುವಂತೆ ಓದುತ್ತಿದ್ದ ಗಮಕಿಯು ಅಕ್ಷರಗಳನ್ನು ಕಡೆದು ನಿಲ್ಲಿಸುತ್ತಿದ್ದನು. ಧ್ವನಿಗ್ರಾಹಕದ ಮುಂದೆ ಕುಳಿತ ಗಮಕಿಗೆ ಆ ಕಡೆತದ ಆವಶ್ಯಕತೆ ತೋರುವುದಿಲ್ಲ. ರಾಗವು ಚೆನ್ನಾಗಿ ಕೇಳುತ್ತದೆ, ಪದಚ್ಛೇದ ಮಸುಕಾಗುತ್ತದೆ. ಧ್ವನಿಗ್ರಾಹಕವನ್ನು ಒಂದು ಅಡಿಯಷ್ಟು ದೂರ ಸರಿಸುವುದರಿಂದ ಮೇಲೆ ಹೇಳಿದ ದೋಷಗಳಲ್ಲಿ ಬಹುಪಾಲು ತೊಲಗುತ್ತವೆ ಎಂಬುದನ್ನು ಮೈಕಿನವನೂ ಬಲ್ಲನು. ಸರಿಸಿದರೆ ಕಂಠವು ತನ್ನ ಕೆಲಸವನ್ನು ತಾನೇ ಮಾಡಬೇಕಾಗುತ್ತದೆ, ಅಡ್ಡಿಯಿರುವುದು ಅಲ್ಲಿ.

ವಾದ್ಯಗಳ ವಿಷಯದಲ್ಲಿ ವೀಣೆಯ ಸ್ಥಿತಿ ವಿಚಿತ್ರವಾಗಿದೆ. ಸ್ವಭಾವತಃ ಮೆಲ್ಲನೆಯ ವಾದ್ಯವಾದ ಅದು ದೊಡ್ಡ ಸಭೆಗೆ ಬಂದುದೇ ಧ್ವನಿಗ್ರಾಹಕದ ಬಲದಿಂದ. ಆದರೆ ವೀಣೆಯ ಮೈಗೆ ಅಂಟಿಸುವ ಸ್ಪರ್ಶಗ್ರಾಹಕವು ಗಾಳಿಯಲ್ಲಿ ಹರಡುವ ನಾದವನ್ನು ಹಿಡಿಯದೆ ಮರದ ನಡುಕವನ್ನು ಹಿಡಿಯುತ್ತದೆ. ಒಂದು ಮೀಟಿನ ನಾದವು ಅಸಹಜವಾಗಿ ದೀರ್ಘವಾಗುತ್ತದೆ. ಮೀಟುಗಳನ್ನು ಕಡಮೆಮಾಡಿ ಒಂದೇ ಮೀಟಿನಲ್ಲಿ ತಂತಿಯನ್ನು ಎಳೆದೆಳೆದು ಸ್ವರಗಳನ್ನು ತೆಗೆಯುವ ಶೈಲಿಗೆ ಇದು ಅನುಕೂಲ. ಮೈಸೂರಿನ ಬಾನಿಯಲ್ಲಿ ಬೆಳೆದ ಬಿಡಿಬಿಡಿಯಾದ, ಮೃದುವಾದ ಮೀಟುಗಳ ಸೊಗಸಿಗೆ ಪ್ರತಿಕೂಲ. ಈ ನಗರದಲ್ಲಿಯೇ ನೆಲೆಸಿದ್ದ ದೊರೆಸ್ವಾಮಿ ಅಯ್ಯಂಗಾರ್ಯರ ಬಾನಿಯನ್ನು ಇಂದಿನ ತರುಣ ವೈಣಿಕರು ಮುಂದುವರಿಸಬೇಕಾದರೆ, ಸಾಧನೆಯಷ್ಟೇ ಎಚ್ಚರಿಕೆಯನ್ನು ಈ ಅಂಟುಬಿಲ್ಲೆಯ ವಿಷಯದಲ್ಲಿಯೂ ವಹಿಸಬೇಕಾಗಿದೆ. ತಂಬೂರಿಯ ಪಾಡನ್ನು ಹೇಳಿದರೆ ನಗೆ ಬರುತ್ತದೆ. ಪೆಟ್ಟಿಗೆಯೊಳಗಿನ ಎಲೆಕ್ಟ್ರಾನಿಕ್ ತಂಬೂರಿಯ ಚಿಕ್ಕ ಬಾಯಿಯ ಮುಂದೆ ಒಂದು ಧ್ವನಿಗ್ರಾಹಕವನ್ನಿಟ್ಟು, ಅದನ್ನು ಇನ್ನೊಂದು ದೊಡ್ಡ ಬಾಯಿಯಿಂದ ನುಡಿಸುತ್ತಾರೆ. ತಂತಿಯೂ ಇಲ್ಲ, ಬೆರಳೂ ಇಲ್ಲ. ಈ ಯಂತ್ರವನ್ನು ರೂಢಿಗೆ ತಂದುದರಲ್ಲಿ ಬೆಂಗಳೂರಿನ ಪಾಲೇ ದೊಡ್ಡದು. ಮೃದಂಗಕ್ಕೆ ಎರಡು, ಘಟಕ್ಕೆ ಒಂದು, ಖಂಜಿರಕ್ಕೆ ಒಂದು ಎಂದು ಧ್ವನಿಗ್ರಾಹಕಗಳು ಹೆಚ್ಚಿದಂತೆ, ಗಾಯಕನು ತನಗೆ ತಾನು ಕೇಳಿಸುತ್ತಿಲ್ಲವೆಂದು ಇನ್ನಷ್ಟು ಧ್ವನಿ ಬೇಡುತ್ತಾನೆ; ಅದು ಬಂದೊಡನೆ ಮೃದಂಗದವರು ಬೇಡುತ್ತಾರೆ. ವೇದಿಕೆಯ ಮೇಲಿನವರು ಒಬ್ಬರನ್ನೊಬ್ಬರು ಕೇಳಿ ನುಡಿಸುವುದು ಪಕ್ಕವಾದ್ಯಧರ್ಮದ ಮೂಲ. ಅವರ ನಡುವೆ ಈಗ ಮೂರನೆಯವನೊಬ್ಬನು ಕುಳಿತು ಯಾರು ಯಾರಿಗೆ ಎಷ್ಟು ಕೇಳಿಸಬೇಕೆಂಬುದನ್ನು ತೀರ್ಮಾನಿಸುತ್ತಾನೆ. ಕಚೇರಿಯ ಮುಖ್ಯ ಕಲಾವಿದರಲ್ಲಿ ಒಬ್ಬನಾದ ಆತನ ಹೆಸರು ಕರಪತ್ರದಲ್ಲಿ ಇರುವುದಿಲ್ಲ. ವಿಮರ್ಶೆಯಲ್ಲಿ ನಿಂದೆಗೆ ಮಾತ್ರ ಅವನು ಪಾತ್ರ.

ಇದೆಲ್ಲ ಅನಿವಾರ್ಯವೇ? ಜೆ.ಪಿ. ನಗರದ ಎರಡನೆಯ ಹಂತದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರವು ಈ ಪ್ರಶ್ನೆಗೆ ಒಂದು ಉತ್ತರ. ಶಂಕರನಾಗ್ ಅವರ ಸ್ಮರಣೆಯಲ್ಲಿ ಅರುಂಧತಿ ನಾಗ್ ಅವರು ಮುಂದೆ ನಿಂತು ಕಟ್ಟಿಸಿದ ಈ ರಂಗಮಂದಿರದಲ್ಲಿ ಮುನ್ನೂರಕ್ಕೆ ಸ್ವಲ್ಪ ಮೇಲ್ಪಟ್ಟ ಆಸನಗಳಿವೆ. ಪ್ರೇಕ್ಷಕರ ನಡುವೆ ಚಾಚಿಕೊಂಡ ರಂಗವನ್ನು ಅವರು ಮೂರು ಕಡೆಯಿಂದ ಸುತ್ತುವರಿದಿರುತ್ತಾರೆ. ನಟನು ಧ್ವನಿಗ್ರಾಹಕವಿಲ್ಲದೆ ಆಡಿದ ಮಾತು ಕೊನೆಯ ಸಾಲಿಗೆ ಅಕ್ಷರಶಃ ಕೇಳುತ್ತದೆ. ಇಲ್ಲಿಗೆ ಬಂದ ನಟರು ಮಾತಿನ ಸ್ಪಷ್ಟತೆಯನ್ನು ಮತ್ತೆ ಕಲಿಯಬೇಕಾಯಿತು, ಪ್ರೇಕ್ಷಕರು ಮೌನವನ್ನು ಕಲಿಯಬೇಕಾಯಿತು. ಅಷ್ಟೇ ಜನ ಹಿಡಿಸುವ ಸಂಗೀತಸಭೆಗಳು ಈ ಭಾಗದಲ್ಲಿ ಹಲವಿವೆ. ಇನ್ನೂರು ಜನ ಕುಳಿತ ಮುಚ್ಚಿದ ಭವನದಲ್ಲಿಯೂ ಚಪ್ಪರದ ವ್ಯವಸ್ಥೆಯನ್ನೇ ತಂದು ಹೂಡುವುದಕ್ಕೆ ಅಭ್ಯಾಸಬಲವನ್ನುಳಿದು ಬೇರೆ ಕಾರಣ ನಮಗೆ ಕಾಣುವುದಿಲ್ಲ. ಮನೆಯ ಹಜಾರಗಳಲ್ಲಿ ಧ್ವನಿಗ್ರಾಹಕವಿಲ್ಲದೆ ನಡೆಸುವ ಕಚೇರಿಗಳು ಈಚೆಗೆ ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ವಿಷಯ. ವಿದ್ವಾಂಸರಲ್ಲಿ ಕೆಲವರಿಗೆ ಅಲ್ಲಿ ಮೊದಲ ಅರ್ಧ ಗಂಟೆ ಕಷ್ಟವಾಗುವುದನ್ನೂ ಆಮೇಲೆ ಕಂಠವು ತನ್ನ ಅಳತೆಯನ್ನು ತಾನೇ ಕಂಡುಕೊಳ್ಳುವುದನ್ನೂ ಕೇಳಿದ್ದೇವೆ. ಇನ್ನು ಹೊರಗಿನ ಕೊಳವೆಗಳ ವಿಷಯದಲ್ಲಿ ಸರ್ಕಾರದ ನಿಯಮಗಳಿವೆ. 2000ದ ಶಬ್ದಮಾಲಿನ್ಯ ನಿಯಮಗಳು ವಾಸದ ಪ್ರದೇಶಗಳಿಗೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಹಾಕಿವೆ. ಅದು ನಾಗರಿಕರ ನಿದ್ರೆಯನ್ನು ಕಾಯುವ ಕಾನೂನು. ರಸಿಕರ ಕಿವಿಯನ್ನು ಅದು ಕಾಯಲಾರದು.

ಕೊನೆಯದಾಗಿ, ಸಂಶೋಧಕರಿಗೆ ಸಂಬಂಧಿಸಿದ ಒಂದು ಮಾತು. ಹಿಂದಿನ ಗಾಯಕರನ್ನು ನಾವು ಧ್ವನಿಮುದ್ರಣಗಳ ಮೂಲಕ ಅಳೆಯುತ್ತೇವೆ. ಸಭೆಯ ನಡುವೆ ಒಂದೇ ಧ್ವನಿಗ್ರಾಹಕವನ್ನಿಟ್ಟು ತೆಗೆದ ಹಳೆಯ ಮುದ್ರಣಗಳಲ್ಲಿ ಗಾಯಕ, ಪಕ್ಕವಾದ್ಯ, ಸಭಾಂಗಣ, ಕೇಳುಗರ ಕೆಮ್ಮು ಎಲ್ಲವೂ ತಮ್ಮ ತಮ್ಮ ದೂರದಲ್ಲಿ ಉಳಿದಿವೆ. ಅವು ಒಬ್ಬ ಕೇಳುಗನ ಸಾಕ್ಷ್ಯ. ಇಂದಿನ ಮುದ್ರಣಗಳಲ್ಲಿ ಬಹುಪಾಲು ವೇದಿಕೆಯ ಧ್ವನಿಗ್ರಾಹಕಗಳಿಂದ ನೇರವಾಗಿ ಯಂತ್ರದ ಮೇಜಿಗೆ ಹೋಗಿ ಅಲ್ಲಿಂದ ಬಂದುವು. ಚಪ್ಪರದಲ್ಲಿ ಕುಳಿತ ಯಾವ ಕೇಳುಗನೂ ಕೇಳದ ಒಂದು ಕಚೇರಿಯನ್ನು ಅವು ಕಾಪಾಡಿಟ್ಟಿವೆ. 2020ರ ಏಪ್ರಿಲಿನಲ್ಲಿ ರಾಮನವಮಿಗೆ ಚಪ್ಪರಗಳು ಏಳದೆಹೋದಾಗ ಕಲಾವಿದರು ಮನೆಗಳಲ್ಲಿ ಕುಳಿತು ಕೈಫೋನಿನ ಸಾಸಿವೆಗಾತ್ರದ ಧ್ವನಿಗ್ರಾಹಕಕ್ಕೆ ಹಾಡಿದ ಮುದ್ರಣಗಳು ಮೂರನೆಯ ಬಗೆ. ಮುಂದಿನ ಐವತ್ತು ವರ್ಷಗಳಲ್ಲಿ ಈ ನಗರದ ಗಾಯನಶೈಲಿಯನ್ನು ಕುರಿತು ಬರೆಯುವವರ ಕೈಗೆ ಈ ಮೂರು ಬಗೆಯವೂ ಒಟ್ಟಾಗಿ, ಗುರುತಿಲ್ಲದೆ, ಒಂದೇ ರಾಶಿಯಾಗಿ ಸಿಕ್ಕಲಿವೆ. ಮುದ್ರಣದ ಹೆಸರು, ತಾರೀಖು, ರಾಗ, ತಾಳಗಳನ್ನು ಬರೆದಿಡುವ ಸಂಗ್ರಾಹಕರು ಧ್ವನಿಗ್ರಾಹಕವು ಯಾವ ಬಗೆಯದು, ಎಷ್ಟು ದೂರದಲ್ಲಿತ್ತು, ಸಭೆಯಲ್ಲಿತ್ತೋ ವೇದಿಕೆಯಲ್ಲಿತ್ತೋ ಎಂಬ ಮೂರು ವಿವರಗಳನ್ನು ಅದೇ ಚೀಟಿಯಲ್ಲಿ ಇಂದೇ ಬರೆದಿಡಬೇಕೆಂದು ಕೋರುತ್ತೇವೆ.